ಎರಡು ವರ್ಷ ಬಳಸಿದ ಮೇಲೆ: ಸ್ಪ್ಯಾನಿಷ್ ಕ್ರಿಯಾಪದ ಬಿಡಿಸುವ ಆ್ಯಪ್ (ಐದಕ್ಕೆ ನಾಲ್ಕು)

ಸ್ಪ್ಯಾನಿಷ್ ಮಾತಾಡಲು ಕಲಿಸುವ ಆ್ಯಪ್ ಇದಲ್ಲ, ಆ ಆಸೆ ಇಟ್ಟುಕೊಂಡು ದುಡ್ಡು ಕಟ್ಟಬೇಡಿ. ಕ್ರಿಯಾಪದದ ಯಾವುದಾದರೂ ರೂಪ ಟೈಪ್ ಮಾಡಿದರೆ ಮೇಲಿನ ಸಾಲಿನಲ್ಲಿ ಸಿಲೆಬಲ್ (ಒಟ್ಟಿಗೆ ಉಚ್ಚರಿಸುವ ತುಂಡು) ಮತ್ತು ಒತ್ತು (ಯಾವ ತುಂಡನ್ನು ಜೋರಾಗಿ ಹೇಳಬೇಕು ಎಂಬುದು), ಕೆಳಗೆ ಧಾತು-ಪ್ರತ್ಯಯ ತೋರಿಸುತ್ತದೆ. ಅಷ್ಟೇ ಕೆಲಸ.

‘ಮಾತಾಡುತ್ತಿದ್ದೆವು’ ಅನ್ನುವುದಕ್ಕೆ ಮೇಲಿನ ಸಾಲು ಅ-ಬ್ಲಾ-ಬ-ಮೊಸ್, ಕೆಳಗಿನದು ಅಬ್ಲ್+ಆ+ಬ+ಮೊಸ್. ‘ಬ’ ಭೂತಕಾಲದ್ದು, ‘ಮೊಸ್’ ಅಂದರೆ ನಾವು. ಹೈಸ್ಕೂಲಿನಲ್ಲಿ ‘ಮಾಡು+ದ+ಎವು’ ಬಿಡಿಸಿದವರಿಗೆ ಕೆಳಗಿನ ಸಾಲು ಸಲೀಸು. ಕಾಟ ಕೊಟ್ಟಿದ್ದು ಮೇಲಿನದು. ನಮ್ಮ ಒತ್ತಕ್ಷರದ ಅಭ್ಯಾಸದಲ್ಲಿ ನಾನು ಎ-ಸ್ತು-ದ್ಯೊ ಎಂದು ತುಂಡು ಮಾಡುತ್ತಿದ್ದೆ, ಅವರದು ಎಸ್-ತು-ದ್ಯೊ. ಬ್ಲ, ತ್ರ, ಪ್ರ ಜೊತೆಯಾಗಿ ಉಳಿಯುತ್ತವೆ, ಸ್ತ ಒಡೆಯುತ್ತದೆ. ಇದು ಕೈಗೆ ಹತ್ತಲು ಎರಡು ತಿಂಗಳು ಬೇಕಾಯಿತು.

ಒತ್ತು ತಪ್ಪಿದರೆ ಅರ್ಥವೇ ಬೇರೆ. ಆಬ್ಲೊ ಎಂದರೆ ಮಾತಾಡುತ್ತೇನೆ, ಅಬ್ಲೋ ಎಂದರೆ ಅವನು ಮಾತಾಡಿದ. (ನೋಟ್‌ಬುಕ್ಕಿನಲ್ಲಿ ಒತ್ತಿಗೆ ದೀರ್ಘ ಹಾಕಿಕೊಳ್ಳುತ್ತೇನೆ. ಎಳೆಯುವುದೇ ಒತ್ತಲ್ಲ ಅಂತ ನಮ್ಮ ಮೇಡಂ ಬೈದರೂ ಬಿಟ್ಟಿಲ್ಲ.)

ನನ್ನ ಚಂದಾ ವಸೂಲಾಗಿದ್ದು ‘ಪೆನ್ಸಾರ್’ನಿಂದ, ಅಂದರೆ ಯೋಚಿಸುವುದು. ನಾನು ಯೋಚಿಸುತ್ತೇನೆ ಎಂದರೆ ಪ್ಯೆನ್-ಸೊ, ನಾವು ಎಂದರೆ ಪೆನ್-ಸಾ-ಮೊಸ್. ತರಗತಿಯಲ್ಲಿ ಇದನ್ನು ಅನಿಯಮಿತ ಎಂದು ಉರು ಹೊಡೆಸಿದ್ದರು. ಎರಡೂ ಸಾಲು ಒಟ್ಟಿಗೆ ನೋಡಿದಾಗ ಗುಟ್ಟು ಬಯಲಾಯಿತು: ಒತ್ತು ಧಾತುವಿನ ಮೇಲೆ ಬಿದ್ದಾಗ ಮಾತ್ರ ‘ಎ’ ಒಡೆದು ‘ಯೆ’ ಆಗುತ್ತದೆ. ಕ್ವೆನ್-ತೊ (ಎಣಿಸುತ್ತೇನೆ), ಕೊನ್-ತಾ-ಮೊಸ್ (ಎಣಿಸುತ್ತೇವೆ) ಕೂಡ ಹಾಗೇ, ಇಲ್ಲಿ ‘ಒ’ ಒಡೆದು ‘ವೆ’ ಆಗುತ್ತದೆ. ಎಲ್ಲ ಧಾತುಗಳೂ ಹೀಗೆ ಒಡೆಯುವುದಿಲ್ಲ, ‘ಕೋಮೊ’ (ತಿನ್ನುತ್ತೇನೆ) ಕೋಮೊ ಆಗಿಯೇ ಇರುತ್ತದೆ. ಯಾವುದು ಒಡೆಯುತ್ತದೆ ಎಂಬುದನ್ನಂತೂ ನೆನಪಿಟ್ಟುಕೊಳ್ಳಲೇಬೇಕು.

ಇನ್ನು ದೂರು. ‘ಅವನು ನಕ್ಕ’ ಎನ್ನುವ ರ್ಯೋ ಪದಕ್ಕೆ ಆ್ಯಪ್ ಬಹಳ ದಿನ ಒತ್ತುಗೆರೆ (ಒತ್ತು ತೋರಿಸಲು ಅಕ್ಷರದ ಮೇಲೆ ಹಾಕುವ ಗೆರೆ) ಹಾಕುತ್ತಿತ್ತು. ಸ್ಪ್ಯಾನಿಷ್ ಭಾಷೆಯ ನಿಯಮ ನೋಡಿಕೊಳ್ಳುವ ಸ್ಪೇನಿನ ರಾಯಲ್ ಅಕಾಡೆಮಿ 2010ರ ಕಾಗುಣಿತ ನಿಯಮಗಳಲ್ಲೇ ಅದನ್ನು ಒಂದೇ ಸಿಲೆಬಲ್ ಎಂದು ಲೆಕ್ಕಹಾಕಿ ಗೆರೆ ತೆಗೆದಿದೆ. ಮೇಲ್ ಬರೆದೆ, ಎಂಟು ತಿಂಗಳಾದ ಮೇಲೆ ಸರಿಮಾಡಿದರು. ಸರಿಮಾಡುವ ಭರದಲ್ಲಿ ರಿ-ಓ ಎಂಬ ಉಚ್ಚಾರವನ್ನೂ ಅಳಿಸಿಹಾಕಿದ್ದಾರೆ. ಬರವಣಿಗೆಯ ಲೆಕ್ಕ ಏನೇ ಇರಲಿ, ಹಾಗೆ ಎರಡಾಗಿ ಹೇಳುವವರು ಸ್ಪೇನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ‘ದಾಮೆಲೊ’ (ನನಗದನ್ನು ಕೊಡು) ಥರದ ಸರ್ವನಾಮ ಅಂಟಿದ ರೂಪ ಕೊಟ್ಟರೆ ಈಗಲೂ ‘ಪದ ಸಿಗಲಿಲ್ಲ’ ಅನ್ನುತ್ತದೆ. ಒಂದು ನಕ್ಷತ್ರ ಕಳೆದದ್ದು ಇದಕ್ಕೇ.

ಹೋದ ಅಪ್‌ಡೇಟಿನಲ್ಲಿ ‘ನೀನು’ ಎನ್ನಲು ಅರ್ಜೆಂಟೀನಾದವರು ಬಳಸುವ ‘ವೋಸ್’ನ ರೂಪಗಳು ಬಂದಿವೆ. ನೀನು ಯೋಚಿಸುತ್ತೀಯ ಎನ್ನಲು ಮ್ಯಾಡ್ರಿಡ್‌ನಲ್ಲಿ ಪ್ಯೆನ್-ಸಸ್, ಬ್ಯೂನಸ್ ಐರಿಸ್‌ನಲ್ಲಿ ಪೆನ್-ಸಾಸ್. ಒತ್ತು ಕೊನೆಗೆ ಜಾರಿದೆ, ‘ಎ’ ಒಡೆದಿಲ್ಲ.