ನಟ್ ಫೈಲ್ ಸೆಟ್, ವರ್ಷಗಟ್ಟಲೆ ಬಳಸಿದ ಮೇಲೆ: ಸ್ಲಾಟ್‌ನಲ್ಲಿ ಫೈಲ್ ಯಾಕೆ ಕಚ್ಕೊಳ್ಳುತ್ತೆ

ಗಿಟಾರ್ ನಟ್‌ನಲ್ಲಿ (ಕತ್ತಿನ ತುದೀಲಿ ಸ್ಟ್ರಿಂಗ್‌ಗಳು ಕೂರೋ ಪಟ್ಟಿ) ಸ್ಲಾಟ್ ಕೊರೆಯೋಕೆ ಅಂತ ಗೇಜ್, ಅಂದ್ರೆ ಸ್ಟ್ರಿಂಗ್ ದಪ್ಪದ ಪ್ರಕಾರ ಮಾಡಿರೋ ಆರು ಫೈಲ್‌ಗಳ ಸೆಟ್ ಇದು, 10-46 ಸ್ಟ್ರಿಂಗ್‌ಗೆ ಹೊಂದೋದು, ಅಂದ್ರೆ ತೆಳ್ಳಗಿನದು 0.010 ಇಂಚು, ದಪ್ಪದ್ದು 0.046. ಹೊಸದ್ರಲ್ಲಿ ಯಾವ ಫೈಲ್ ಆದ್ರೂ ಚೆನ್ನಾಗೇ ಕೊರೆಯುತ್ತೆ, ಅದಕ್ಕೆ ಪೂರ್ತಿ ಪಳಗೋವರೆಗೂ ವಿಮರ್ಶೆ ಬರೆಯೋಕೆ ಹೋಗ್ಲಿಲ್ಲ. ಈಗ ಮೂಳೆ, ಪ್ಲಾಸ್ಟಿಕ್, ಟಸ್ಕ್ (ದಂತದ ಥರ ಮಾಡಿರೋ ಕೃತಕ ವಸ್ತು), ಹಿತ್ತಾಳೆ ಎಲ್ಲದ್ರ ಮೇಲೂ ಓಡಿಸಿದೀನಿ, ಧೈರ್ಯವಾಗಿ ಹೇಳ್ಬಹುದು.

ಈ ಥರ ಫೈಲ್‌ಗಳ ಬಗ್ಗೆ ಎಲ್ರೂ ಹೇಳೋ ದೂರು ಒಂದೇ, ಅರ್ಧ ಕೊರೆದಾದ್ಮೇಲೆ ಸ್ಲಾಟ್ ಒಳಗೆ ಕಚ್ಕೊಂಡು ನಿಂತ್ಬಿಡುತ್ತೆ ಅನ್ನೋದು. ಹಲ್ಲು ಮೊಂಡಾಗಿದೆ ಅಂತ ತುಂಬಾ ಜನ ಅಂದ್ಕೋತಾರೆ, ನನ್ನ ಪ್ರಕಾರ ಬಹುಪಾಲು ಸಲ ಕಾರಣ ಅದಲ್ಲ. ಫೈಲ್ ಕೈಯಲ್ಲಿ ಹಿಡಿದು ನೋಡಿ, ಹಲ್ಲಿರೋದು ಗುಂಡಗಿರೋ ಅಂಚಿನಲ್ಲಿ, ಎರಡೂ ಪಕ್ಕ ನುಣುಪು. ಅಂದ್ರೆ ಅದು ಕೆಳಗಡೆಗೆ ಮಾತ್ರ ಕೊರೆಯುತ್ತೆ, ಪಕ್ಕದ ಗೋಡೆಗೆ ಬರೀ ಉಜ್ಜುತ್ತೆ. ಸ್ಲಾಟ್ ಆಳ ಆದಷ್ಟೂ ಗೋಡೆ ಹಿಡ್ಕೊಳ್ಳೋ ಜಾಗ ಜಾಸ್ತಿ ಆಗ್ತಾ ಹೋಗುತ್ತೆ, ಜೊತೆಗೆ ಕೊರೆದ ಪುಡಿ ಹೊರಗೆ ಬರೋಕೆ ದಾರಿ ಇಲ್ದೆ ಫೈಲ್‌ಗೂ ಗೋಡೆಗೂ ಮಧ್ಯ ಸಿಕ್ಕಿ ಬೆಣೆ ಹೊಡೆದ ಹಾಗೆ ಆಗುತ್ತೆ. ಆಗ ಜೋರಾಗಿ ಒತ್ತಿದ್ರೆ ಇನ್ನೂ ಗಟ್ಟಿಯಾಗಿ ಕೂರುತ್ತೆ ಅಷ್ಟೇ.

ಹಾಗಾಗಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಫೈಲ್‌ಗೆ ಸಂಬಂಧನೇ ಇಲ್ಲದ ಒಂದು ಕೆಲಸ: ನಟ್‌ನ ಮೇಲ್ಭಾಗವನ್ನ ಮೊದ್ಲು ಇಳಿಸೋದು. ದಪ್ಪ ಸ್ಟ್ರಿಂಗ್ ಅರ್ಧದಷ್ಟು ಮಾತ್ರ ಸ್ಲಾಟ್‌ನಲ್ಲಿ ಮುಳುಗಿದ್ರೆ ಸಾಕು, ತೆಳ್ಳಗಿನವು ಹೆಚ್ಚು ಕಮ್ಮಿ ಪೂರ್ತಿ ಕೂತ್ರೂ ನಡೆಯುತ್ತೆ. ಮೇಲೆ ಸುಮ್ನೆ ನಿಂತಿರೋ ಮೂಳೆಯನ್ನ ಮುಂಚೆನೇ ತೆಗೆದ್ರೆ ಫೈಲ್ ಹೋಗ್ಬೇಕಾದ ಆಳನೇ ಕಮ್ಮಿ, ಗೋಡೆ ಗಿಡ್ಡ, ಪುಡಿ ತಾನಾಗೇ ಹೊರಗೆ ಬೀಳುತ್ತೆ. ಪೂರ್ತಿ ಕೊರೆದು ಆಮೇಲೆ ಮೇಲ್ಭಾಗ ಇಳಿಸೋ ಪದ್ಧತಿ ಇದೆಯಲ್ಲ, ಅದ್ರಲ್ಲಿ ಅರ್ಧ ಶ್ರಮ ಹೇಗೂ ಆಮೇಲೆ ತೆಗೆದು ಹಾಕೋ ಮೂಳೆಯನ್ನ ಕೊರೆಯೋಕೇ ಹೋಗುತ್ತೆ.

ಎರಡನೇದು ಅಗಲ. 0.046 ಸ್ಟ್ರಿಂಗ್‌ಗೆ ಸರಿಯಾಗಿ 0.046 ಅಗಲದ ಸ್ಲಾಟ್ ಆದ್ರೆ ಸ್ಟ್ರಿಂಗ್ ಕೂಡ ಕಚ್ಕೊಳ್ಳುತ್ತೆ, ಟ್ಯೂನ್ ಮಾಡುವಾಗ ಟಿಂಗ್ ಅಂತ ಸದ್ದು ಮಾಡಿ ಹಾರುತ್ತೆ, ಪಕ್ಕಕ್ಕೆ ಎಳೆದು ಬೆಂಡ್ ಮಾಡಿದ್ರೆ ಶ್ರುತಿಗೆ ವಾಪಸ್ ಬರಲ್ಲ. ಇಂಚಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಜಾಸ್ತಿ ಬೇಕು. ಮುಂದಕ್ಕೆ ತಳ್ಳುವಾಗ ಫೈಲನ್ನ ಅದರ ಅಕ್ಷದ ಮೇಲೇ ಸ್ವಲ್ಪ ಆ ಕಡೆ ಈ ಕಡೆ ಉರುಳಿಸಿದ್ರೆ ಈ ಅಗಲ ಸಿಗುತ್ತೆ, ಕಚ್ಕೊಳ್ಳೋದೂ ನಿಲ್ಲುತ್ತೆ. ದಪ್ಪ ಮೂರು ಫೈಲ್‌ಗಳಲ್ಲಿ ಇದು ಸೊಗಸಾಗಿ ಆಗುತ್ತೆ, ಅವಕ್ಕೆ ನಾನು ಪೂರ್ತಿ ಅಂಕ ಕೊಡ್ತೀನಿ, ಇವತ್ತಿಗೂ ಮೂಳೆ ಮೇಲೆ ಮೊದಲಿನ ಹಾಗೇ ಓಡ್ತವೆ.

ತೆಳ್ಳಗಿನ ಎರಡು, 0.010 ಮತ್ತು 0.013, ಅವೇ ಈ ಸೆಟ್‌ನ ದೌರ್ಬಲ್ಯ. ಅವನ್ನ ಉರುಳಿಸೋಕೆ ಹೋಗ್ಬೇಡಿ, ಕಾಲು ಮಿಲಿಮೀಟರ್ ಉಕ್ಕು, ಬಾಗುತ್ತೆ, ಒಂದ್ಸಲ ಬಾಗಿದ್ರೆ ಆಮೇಲೆ ಪ್ರತಿ ಸಲ ಅದೇ ಜಾಗದಲ್ಲಿ ಕಚ್ಕೊಳ್ಳುತ್ತೆ. ಮೊದಲ ಗೆರೆಯನ್ನ ತೆಳು ಹಲ್ಲಿನ ಸಣ್ಣ ಗರಗಸದಲ್ಲಿ ಹಾಕಿ, ಕೊನೇಲಿ ತಳ ಗುಂಡಗೆ ಮಾಡೋಕೆ ಮಾತ್ರ ಫೈಲ್ ಇಳಿಸ್ತೀನಿ. ಮುಂದಕ್ಕೆ ಮಾತ್ರ ಕೊರೆಯೋದು, ವಾಪಸ್ ಬರುವಾಗ ಎತ್ಕೊಂಡು ಬರೋದು, ಫೈಲ್ ಹೆಡ್‌ಸ್ಟಾಕ್ (ಟ್ಯೂನ್ ಮಾಡೋ ಕೀಲಿಗಳಿರೋ ತಲೆಭಾಗ) ಕಡೆ ಇಳಿಜಾರಾಗಿ ಇರ್ಬೇಕು ಮತ್ತೆ ಆ ಕೋನ ಮಧ್ಯದಲ್ಲಿ ಬದಲಾಗ್ಬಾರ್ದು, ಬದಲಾದ್ರೆ ತಳ ಉಬ್ಬುತ್ತೆ, ಸ್ಟ್ರಿಂಗ್ ನಿಲ್ಲೋ ಜಾಗ ಫಿಂಗರ್‌ಬೋರ್ಡ್ ಕಡೆ ಅಂಚಿಂದ ಹಿಂದಕ್ಕೆ ಜರುಗಿ ಸಿತಾರ್ ಥರ ಝೇಂಕಾರ ಶುರುವಾಗುತ್ತೆ.

ಪ್ಲಾಸ್ಟಿಕ್ ನಟ್ ಆದ್ರೆ ನಿಧಾನ ಮಾಡಿ, ಬೇಗ ಬೇಗ ಉಜ್ಜಿದ್ರೆ ಬಿಸಿಗೆ ಮೆತ್ತಗಾಗಿ ಹಲ್ಲಿಗೆ ಅಂಟುತ್ತೆ. ಮೂಳೆ ಒಣ ಪುಡಿ, ಪೇಂಟ್ ಬ್ರಷ್‌ನಲ್ಲಿ ಒರೆಸಿದ್ರೆ ಹೋಗುತ್ತೆ, ಆ ಪುಡಿ ಉಸಿರಿಗೆ ಹೋಗ್ಬಾರ್ದು ಅಂತ ಮಾಸ್ಕ್ ಹಾಕ್ಕೊಳಿ. ಹಲ್ಲಿಗೆ ಚಾಕ್‌ಪೀಸ್ ಸವರಿ ಶುರು ಮಾಡಿದ್ರೆ ಪುಡಿ ಹಿಡಿಯೋದು ತುಂಬಾ ಕಮ್ಮಿ, ಈ ಒಂದು ಅಭ್ಯಾಸದಿಂದಲೇ ಫೈಲ್‌ಗಳ ಆಯುಷ್ಯ ಹೆಚ್ಚಾಗಿದೆ ಅನ್ನೋದು ನನ್ನ ನಂಬಿಕೆ. ಎಣ್ಣೆ ಬೇಡವೇ ಬೇಡ, ಪುಡಿ ಪೇಸ್ಟ್ ಆಗಿ ಇನ್ನೂ ಬಿಗಿಯುತ್ತೆ, ಮೂಳೆಗೂ ಕಲೆ.

ಆಳ ಸಾಕಾಯ್ತಾ ಅಂತ ನೋಡೋಕೆ ಸ್ಟ್ರಿಂಗನ್ನ ಮೂರನೇ ಫ್ರೆಟ್ (ಫಿಂಗರ್‌ಬೋರ್ಡ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ರ ಒತ್ತಿ ಹಿಡಿದು ಮೊದಲನೇ ಫ್ರೆಟ್ ಮೇಲಿನ ಸಂದು ನೋಡಿ, ಕೂದಲೆಳೆಯಷ್ಟು ಉಳಿದಾಗ ನಿಲ್ಸಿ, ಅಲ್ಲಿಂದ ಮುಂದೆ ಒಂದೆರಡು ಸಲ ತಳ್ಳಿದ್ರೂ ಖಾಲಿ (ಬೆರಳು ಒತ್ತದ) ಸ್ಟ್ರಿಂಗ್ ಫ್ರೆಟ್‌ಗೆ ಬಡಿಯೋಕೆ ಶುರುವಾಗುತ್ತೆ.

ಮತ್ತೆ ತಗೋತೀರಾ ಅಂದ್ರೆ ತಗೋತೀನಿ. ಆದ್ರೆ ನೀವು ಯಾವ ಕಂಪನಿ ಸೆಟ್ ತಗೊಂಡ್ರೂ ತೆಳ್ಳಗಿನ ಎರಡು ಬಿಡಿಯಾಗಿ ಸಿಗುತ್ತಾ ಅಂತ ಮೊದ್ಲೇ ಕೇಳ್ಕೊಳಿ, ಸವೆಯೋದು ಬಾಗೋದು ಅವೇ, ಅವೆರಡಕ್ಕೋಸ್ಕರ ಇಡೀ ಸೆಟ್ ಇನ್ನೊಂದ್ಸಲ ಕೊಳ್ಳೋ ಹಾಗೆ ಆಗ್ಬಾರ್ದು.