ಕನ್ನಡ ಸಾಲಿನೊಳಗಿನ ಇಂಗ್ಲಿಷಿಗೆ ಯಾವ ಸೆರಿಫ್? ನಾಲ್ಕು ಫಾಂಟ್‌ಗಳ ಹೋಲಿಕೆ

ಹುಬ್ಬಳ್ಳಿ-ಧಾರವಾಡದಲ್ಲಿ ಡಿಟಿಪಿ ಆಗಿ ಗದಗಿನಲ್ಲಿ ಅಚ್ಚಾಗುವ ವಿಮರ್ಶೆ, ನಿಘಂಟು, ಪರೀಕ್ಷಾ ಗೈಡುಗಳಲ್ಲಿ ಇಂಗ್ಲಿಷ್ ಪದಗಳು ನಡುನಡುವೆ ಬಂದೇ ಬರುತ್ತವೆ. ಟಿರೊ ಕನ್ನಡ ಫಾಂಟಿನೊಳಗೇ ಇಂಗ್ಲಿಷ್ ಅಕ್ಷರಗಳಿವೆ, ಚೆನ್ನಾಗಿಯೂ ಇವೆ. ಆದರೆ ಅದರಲ್ಲಿ ಬೋಲ್ಡ್ ಇಲ್ಲ, ನಿಘಂಟಿಗೂ ಗೈಡಿಗೂ ಸಾಲದು. ಹಾಗಾಗಿ ಕನ್ನಡವನ್ನು ಟಿರೊದಲ್ಲೇ 11 ಪಾಯಿಂಟ್, ಒತ್ತಕ್ಷರಗಳು ಕೆಳಸಾಲಿಗೆ ತಾಗದಂತೆ ಲೀಡಿಂಗ್ (ಸಾಲಿನಿಂದ ಸಾಲಿಗಿರುವ ಅಂತರ) 16 ಇಟ್ಟು, ಇಂಗ್ಲಿಷ್ ಮಾತ್ರ ಬದಲಿಸಿ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಮತ್ತು ನ್ಯೂಸ್‌ಪ್ರಿಂಟ್ ಎರಡೂ ಬಗೆಯ ಕಾಗದದ ಮೇಲೆ ತೆಗೆಸಿ ನೋಡಿದೆವು. ಹೋಲಿಸಿದ್ದು ಇಬಿ ಗ್ಯಾರಮಂಡ್, ಟೈಮ್ಸ್ ನ್ಯೂ ರೋಮನ್, ಲಿಬ್ರೆ ಬಾಸ್ಕರ್ವಿಲ್, ಬೊಡೋನಿ ಎಂಬ ನಾಲ್ಕು ಸೆರಿಫ್ ಫಾಂಟ್‌ಗಳನ್ನು, ಅಂದರೆ ಗೆರೆಗಳ ತುದಿಗೆ ಸಣ್ಣ ಅಡ್ಡಗೀಟಿರುವ ಅಕ್ಷರಗಳನ್ನು.

ಮೊದಲು ಅಳತೆ. ಒಂದೇ ಪಾಯಿಂಟ್ ಕೊಟ್ಟರೂ ಫಾಂಟ್‌ಗಳು ಒಂದೇ ಗಾತ್ರ ಕಾಣುವುದಿಲ್ಲ. ಏರುಗೆರೆ (b, dಗಳ ಮೇಲ್ಗೀಟು), ಇಳಿಗೆರೆ (p, gಗಳ ಬಾಲ) ಬಿಟ್ಟು ಉಳಿಯುವ ಸಣ್ಣಕ್ಷರದ ಎತ್ತರ, ಅಂದರೆ ಎಕ್ಸ್-ಹೈಟ್, ಇಬಿ ಗ್ಯಾರಮಂಡ್‌ನಲ್ಲಿ ಪಾಯಿಂಟ್ ಅಳತೆಯ ಸುಮಾರು 40%, ಟೈಮ್ಸ್ ನ್ಯೂ ರೋಮನ್‌ನಲ್ಲಿ 45%, ಲಿಬ್ರೆ ಬಾಸ್ಕರ್ವಿಲ್‌ನಲ್ಲಿ 53%. ಟೈಮ್ಸ್ 10 ಪಾಯಿಂಟ್‌ಗೆ ಸರಿಗಟ್ಟಲು ಗ್ಯಾರಮಂಡ್ 11.25 ಬೇಕು, ಬಾಸ್ಕರ್ವಿಲ್ 8.5 ಸಾಕು. ಈ ಲೆಕ್ಕ ಮಾಡದೆ ಫಾಂಟ್ ಬದಲಿಸಿದರೆ ಇಂಗ್ಲಿಷ್ ಪದ ಕನ್ನಡದ ಪಕ್ಕ ಕುಗ್ಗಿಯೋ ಅರಚಿಯೋ ನಿಲ್ಲುತ್ತದೆ.

ಬಾಸ್ಕರ್ವಿಲ್ ನೋಡಲು ಬಲು ಅಂದ. ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್ವಿಲ್ 1757ರಲ್ಲಿ ರೋಮನ್ ಕವಿ ವರ್ಜಿಲ್‌ನ ಕಾವ್ಯ ಅಚ್ಚುಹಾಕುವಾಗ ನಯವಾದ ಹೊಸ ಬಗೆಯ ಕಾಗದ ಬಳಸಿದ, ಅಚ್ಚಾದ ಹಾಳೆಗಳನ್ನು ಬಿಸಿ ಲೋಹದ ತಗಡುಗಳ ನಡುವೆ ಒತ್ತಿಸಿದ. ಅವನ ಸಪೂರ ಗೆರೆಗಳ ಹಿಂದೆ ಇಷ್ಟು ಏರ್ಪಾಡಿತ್ತು. ನಮಗೆ ಸಿಗುವ ಲಿಬ್ರೆ ಬಾಸ್ಕರ್ವಿಲ್ ಅಮೆರಿಕದ 1941ರ ಆವೃತ್ತಿಯಿಂದ ಹುಟ್ಟಿ, ಪರದೆಯ ಓದಿಗೆಂದು ಅಗಲಗೊಂಡದ್ದು. ಮ್ಯಾಪ್‌ಲಿಥೊ ಮೇಲೆ ಗೆರೆ ನಿಲ್ಲುತ್ತದೆ. ಆದರೆ ಎರಡು ಕಾಲಂ ನಿಘಂಟಿನಲ್ಲಿ ಅದರ ಅಗಲಕ್ಕೆ ಸಾಲು ಬೇಗ ತುಂಬಿ, ಎರಡೂ ಅಂಚು ಸಮವಾಗಲೆಂದು ಜಸ್ಟಿಫೈ ಮಾಡಿದಾಗ ಪದಗಳ ನಡುವೆ ಬಿಳಿ ಕಂಡಿಗಳು ಬೀಳುತ್ತವೆ.

ದಪ್ಪ ಗೆರೆಗಳ ಪಕ್ಕ ಕೂದಲೆಳೆಯಂಥ ಗೆರೆಗಳಿರುವ ಬೊಡೋನಿಯನ್ನು ಮೈಬರಹಕ್ಕೆ (ಒಳಪುಟದ ಓದಿಗೆ) ಬಳಸಬೇಡಿ. ಅಕ್ಷರದಳತೆಯ 2% ದಪ್ಪದ ಗೆರೆ 10 ಪಾಯಿಂಟ್‌ಗೆ 0.07 ಮಿಮೀ, 600 ಡಿಪಿಐ (ಇಂಚಿಗೆ 600 ಚುಕ್ಕಿ) ಲೇಸರ್ ಪ್ರಿಂಟರಿನ ಒಂದು ಚುಕ್ಕಿ 0.042 ಮಿಮೀ. ಗೆರೆಗೆ ಬೇಕಾದದ್ದು ಸುಮಾರು 1.7 ಚುಕ್ಕಿ. ಅರೆಬರೆ ಚುಕ್ಕಿ ಎಂಬುದಿಲ್ಲವಲ್ಲ, ಒಂದು ಗೆರೆಗೆ ಒಂದು, ಪಕ್ಕದ್ದಕ್ಕೆ ಎರಡು ಬೀಳುತ್ತವೆ. ಲೇಸರಿನಲ್ಲಿ ಬಟರ್ ಪೇಪರಿನ (ಬೆಳಕು ಹಾಯುವ ತೆಳುಹಾಳೆ) ಮೇಲೆ ತೆಗೆದು ಅದರಿಂದ ಅಚ್ಚಿನ ಪ್ಲೇಟ್ ಮಾಡಿದರೆ ಒಂಟಿ ಚುಕ್ಕಿಯ ಗೆರೆ ಹಾರಿಯೇ ಹೋಗುತ್ತದೆ. ಮುಖಪುಟಕ್ಕೆ, 30 ಪಾಯಿಂಟ್ ಮೇಲಕ್ಕೆ, ಅದರ ಗತ್ತೇ ಬೇರೆ.

ಟೈಮ್ಸ್ ಎಂದರೆ ಬೇಸರ ಅನ್ನುವವರಿದ್ದಾರೆ. ನ್ಯೂಸ್‌ಪ್ರಿಂಟ್ ಗೈಡಿಗೆ ಇದಕ್ಕಿಂತ ಒಳ್ಳೆಯದು ನಮಗೆ ಸಿಗಲಿಲ್ಲ. ಸ್ಟಾನ್ಲಿ ಮಾರಿಸನ್ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ಬಿಡಿಸಿದ ಈ ಅಕ್ಷರ 1932ರ ಅಕ್ಟೋಬರ್ 3ರಂದು ಲಂಡನ್ನಿನ ‘ದ ಟೈಮ್ಸ್’ ಪತ್ರಿಕೆಗಾಗಿ ಬಂತು. ಕಿರಿದಾದ ಕಾಲಂನಲ್ಲಿ ಹೆಚ್ಚು ಪದ ಹಿಡಿಸುವುದೇ ಅದರ ಗುಣ. ಮಸಿ ಹರಡಿದರೂ ಅಕ್ಷರಗಳ ಒಳಬಯಲು ಮುಚ್ಚುವುದಿಲ್ಲ. ಡೆಮಿ (ಸಾಮಾನ್ಯ ಪುಸ್ತಕದ ಅಳತೆ) ಪುಟದ ಉದ್ದ ಸಾಲಿನಲ್ಲಿ ಮಾತ್ರ ಇಕ್ಕಟ್ಟೆನಿಸುತ್ತದೆ.

ಕಥೆ, ವಿಮರ್ಶೆ, ಕವಿತೆಗೆ ನಮ್ಮ ಆಯ್ಕೆ ಇಬಿ ಗ್ಯಾರಮಂಡ್. ಹದಿನಾರನೆಯ ಶತಮಾನದ ಫ್ರೆಂಚ್ ಅಚ್ಚುಮೊಳೆಗಾರ ಕ್ಲಾಡ್ ಗ್ಯಾರಮಂಡ್‌ನ ಅಕ್ಷರಗಳಿದ್ದ 1592ರ ಮಾದರಿ ಹಾಳೆಯನ್ನು ಆಧರಿಸಿದ ಯಾರೂ ಬಳಸಬಹುದಾದ ಮುಕ್ತ ಫಾಂಟ್ ಇದು. ಲೇಖನಿಯ ಓಟ ಅದರ ಗೆರೆಗಳಲ್ಲಿ ಉಳಿದಿರುವುದರಿಂದ ಕನ್ನಡದ ದುಂಡಿನ ಪಕ್ಕ ಬಿಗಿದುಕೊಳ್ಳದೆ ಕೂರುತ್ತದೆ. ಒಂದು ಎಚ್ಚರ: ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒತ್ತಡಕ್ಕೆ ಮಸಿ ಅಂಚಿನಾಚೆ ಹರಡಿ ಅಕ್ಷರ ತುಸು ದಪ್ಪಗಾಗುತ್ತಿತ್ತು, ಆಫ್‌ಸೆಟ್‌ನಲ್ಲಿ ಆ ಒತ್ತಡವಿಲ್ಲ. ರೆಗ್ಯುಲರ್ ತೆಳುವೆನಿಸಿದರೆ ಮೀಡಿಯಂ ಹಾಕಿ.

ಫಾಂಟ್ ಯಾವುದೇ ಇರಲಿ, ಎರಡು ಕಡೆ ಕೆಲಸ ಕೆಡುತ್ತದೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಆರಿಸದಿದ್ದರೆ ಒತ್ತಕ್ಷರ ಒಡೆಯುತ್ತದೆ. ಅದನ್ನು ಹಾಕಿದ ಮೇಲೆ, ಅಕ್ಷರದ ಬಗೆ ಗುರುತಿಸಿ ತಾನಾಗಿಯೇ ಶೈಲಿ ಹಚ್ಚುವ ಗ್ರೆಪ್ ಸ್ಟೈಲ್‌ನಿಂದ ಇಂಗ್ಲಿಷ್ ಅಕ್ಷರಗಳಿಗಷ್ಟೇ ಬೇರೆ ಫಾಂಟ್, ಬೇರೆ ಅಳತೆ ಕೊಡಿ. ಎರಡನೆಯದು ಕಪ್ಪು. ಆರ್‌ಜಿಬಿ (ಪರದೆಯ ಬಣ್ಣಲೆಕ್ಕದ) ಕಪ್ಪು ಅಚ್ಚಿನ ನಾಲ್ಕು ಬಣ್ಣಗಳಾಗಿ ಒಡೆದರೆ, ಧಾರವಾಡದ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗಿದ ಹಾಳೆಯ ಮೇಲೆ ಬಣ್ಣಗಳು ಒಂದರ ಮೇಲೊಂದು ಕೂಡದೆ ಸೆರಿಫ್‌ನ ಅಂಚಿಗೆ ಕೆಂಪು, ನೀಲಿ ಇಣುಕುತ್ತವೆ. ಅಕ್ಷರಕ್ಕೆ ಕಪ್ಪು ಒಂದೇ 100%, ಉಳಿದ ಮೂರು ಸೊನ್ನೆ. ಪ್ಲೇಟಿಗೆ ಕಳಿಸುವ ಮುನ್ನ ಪ್ರತಿ ಬಣ್ಣವನ್ನು ಬೇರೆಬೇರೆಯಾಗಿ ತೋರಿಸುವ ಸೆಪರೇಶನ್ ಪ್ರಿವ್ಯೂ ತೆರೆದು ನೋಡಿ.