ಬುಗುರಿ ಮಾಡೋಕೆ ಯಾವ ಲೇಥ್? ಮಿನಿ, ಹಳೇ ಬೆಲ್ಟಿನದು, ತಾಸಿನ ಲೆಕ್ಕದ ಮಷೀನು

ಲೇಥ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಟೂಲಿನಿಂದ ಕೆತ್ತುವ ಮಷೀನು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಬೆಲ್ಟಿನ ಲೇಥಿಗೆ. ಈಗ ನಮ್ಮ ಮನೆಯಲ್ಲಿರುವುದು ಅದೇ. ತಂದ ಮೇಲೆ ಒಮ್ಮೆಯೂ ಬೇರೆಯದು ತರಬೇಕಿತ್ತು ಅನ್ನಿಸಿಲ್ಲ. ಹಾಗಂತ ಉಳಿದವನ್ನು ಮುಟ್ಟದೆ ಮಾತಾಡುತ್ತಿಲ್ಲ. ಭಾವನ ಮಿನಿ ಲೇಥಿನಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಶಾಪಿನಲ್ಲಿ ತಾಸಿಗಿಷ್ಟು ಅಂತ ದುಡ್ಡು ಕೊಟ್ಟು ದೊಡ್ಡ ಮಷೀನಿನಲ್ಲೂ ಮಾಡಿದ್ದೇನೆ. ನಮ್ಮ ಗುಂಪಿಗೆ ಹೊಸದಾಗಿ ಬಂದವರು ಮೊದಲು ಕೇಳುವುದೇ "ಯಾವುದು ತಗೊಳ್ಳಲಿ?" ಅಂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಂಪು ಅಂದರೆ ದೊಡ್ಡ ಸಂಘವೇನಲ್ಲ. ಉದ್ಯಮಬಾಗದಲ್ಲಿ ಹಗಲೆಲ್ಲ ಕ್ರ್ಯಾಂಕ್‌ಶಾಫ್ಟ್, ಹೈಡ್ರಾಲಿಕ್ ಸಿಲಿಂಡರ್ ಮಾಡುವವರು ಇದ್ದಾರೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಹುಡುಗರಿದ್ದಾರೆ, ರಿಟೈರ್ ಆದ ಮಾಸ್ತರು ಇದ್ದಾರೆ, ನನ್ನಂತೆ ಆಫೀಸಿನಲ್ಲಿ ಕೂತು ಕೆಲಸ ಮಾಡಿ ಸಂಜೆ ಲೋಹ ಮುಟ್ಟುವವರೂ ಇದ್ದಾರೆ. ರಜೆಯ ದಿನ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಪ್ರತಿಯೊಬ್ಬರೂ ಕೈಯಾರೆ ಮಾಡಿದ ಒಂದು ಬುಗುರಿ ತರಬೇಕು. ಹಗ್ಗ ಸುತ್ತುವ ಬುಗುರಿ ಅಲ್ಲ, ಎರಡು ಬೆರಳಲ್ಲಿ ಹಿಡಿದು ತಿರುಗಿಸುವಂಥದ್ದು. ಅಗಲ 40 ಮಿ.ಮೀ. ದಾಟಬಾರದು. ತಳದಲ್ಲಿ ಸ್ವಲ್ಪ ಗುಳಿಯಿರುವ ಗಾಜಿನ ಮೇಲೆ ಬಿಡುತ್ತೇವೆ, ಯಾರದು ಕಡೆಯವರೆಗೆ ನಿಲ್ಲುತ್ತದೋ ಅವರು ಗೆದ್ದಂತೆ. ಗೆದ್ದವರು ಹೇಗೆ ಮಾಡಿದೆ ಅನ್ನುವುದನ್ನು ಬಚ್ಚಿಡದೆ ಎಲ್ಲರಿಗೂ ತೋರಿಸಬೇಕು. ಈ ನಿಯಮ ನನಗೆ ಬಹಳ ಇಷ್ಟ. ನನಗೆ ಗೊತ್ತಿರುವುದರಲ್ಲಿ ಅರ್ಧ ಈ ಗಾಜಿನ ಸುತ್ತ ನಿಂತು ಕಲಿತದ್ದು.

ಬುಗುರಿ ಚಿಕ್ಕದಾದರೂ ಮಷೀನಿನ ಗುಣವನ್ನೆಲ್ಲ ಹೊರಗೆ ಹಾಕುತ್ತದೆ. ಅದು ಹೆಚ್ಚು ಹೊತ್ತು ನಿಲ್ಲಬೇಕಾದರೆ ತೂಕ ಅಂಚಿನಲ್ಲಿರಬೇಕು. ಒಂದು ಗ್ರಾಂ ಲೋಹ ನಡುವಿನಿಂದ ಎರಡು ಪಟ್ಟು ದೂರ ಹೋದರೆ, ತಿರುಗುತ್ತಲೇ ಇರುವ ಗುಣಕ್ಕೆ ಅದರ ಪಾಲು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ನಡುವನ್ನು ತೆಳ್ಳಗೆ ಕೊರೆದು ಅಂಚನ್ನು ದಪ್ಪ ಬಿಡುತ್ತೇವೆ. ತುದಿ ಚೂಪಾಗಿಯೂ ಗಟ್ಟಿಯಾಗಿಯೂ ಇರಬೇಕು. ಬಾಲ್ ಪೆನ್ನಿನ ತುದಿಯ ಪುಟ್ಟ ಗುಂಡು ಸಾಮಾನ್ಯವಾಗಿ ಟಂಗ್‌ಸ್ಟನ್ ಕಾರ್ಬೈಡಿನದು, ಅದನ್ನೇ ಕೂರಿಸುವವರಿದ್ದಾರೆ. ಎಲ್ಲಕ್ಕಿಂತ ಮುಖ್ಯ, ಬೆರಳಲ್ಲಿ ಹಿಡಿಯುವ ಕಡ್ಡಿ, ಅಂಚು, ತುದಿ ಮೂರೂ ಒಂದೇ ನೇರಕ್ಕೆ ಬರಬೇಕು. ಹಾಗೆ ಬರಬೇಕಾದರೆ ಕೆಲಸವನ್ನು ಚಕ್‌ನಿಂದ, ಅಂದರೆ ಲೋಹವನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗದಿಂದ, ಬಿಚ್ಚದೆ ಒಂದೇ ಸೆಟ್ಟಿಂಗಿನಲ್ಲಿ ಮುಗಿಸಬೇಕು. ಮೂರು ದವಡೆಯ ಚಕ್‌ನಿಂದ ಬಿಚ್ಚಿ ಮತ್ತೆ ಹಿಡಿದರೆ ಮೊದಲಿನ ಜಾಗಕ್ಕೇ ಕೂರುವುದಿಲ್ಲ, 50 ಮೈಕ್ರಾನ್ ಆಚೀಚೆ ಆಗುವುದು ಮಾಮೂಲು. ಆಮೇಲೆ ಬುಗುರಿ ಗಾಜಿನ ಮೇಲೆ ಸಣ್ಣಗೆ ನಡುಗುತ್ತದೆ, ಬೇಗ ಬೀಳುತ್ತದೆ.

ಒಂದೇ ಸೆಟ್ಟಿಂಗಿನಲ್ಲಿ ಮುಗಿಸಬೇಕು ಅಂದರೆ ಕೊನೆಗೆ ರಾಡಿನಿಂದ ಬುಗುರಿಯನ್ನು ಕಡಿದು ಬೇರೆ ಮಾಡಬೇಕು, ಅಂದರೆ ಪಾರ್ಟಿಂಗ್. ಮಿನಿ ಲೇಥ್ ನನ್ನನ್ನು ಸೋಲಿಸಿದ್ದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಭಾವನ ಮಿನಿ ಆನ್‌ಲೈನಲ್ಲಿ ಸಿಗುವ ಮಾಮೂಲಿ ಮಷೀನು, 7 ಇಂಚು ಅಗಲ, 14 ಇಂಚು ಉದ್ದದವರೆಗಿನ ಕೆಲಸ ಹಿಡಿಯುವಂಥದ್ದು. 40 ಕೆ.ಜಿ. ಆಸುಪಾಸು ತೂಕ, ಇಬ್ಬರು ಎತ್ತಿ ಮೇಜಿನ ಮೇಲೆ ಇಡಬಹುದು. ಹಿತ್ತಾಳೆಯ ಮೇಲೆ ಸಣ್ಣ ಸಣ್ಣ ಕಟ್ ಹಾಕುವವರೆಗೆ ಚೆನ್ನಾಗಿಯೇ ಇರುತ್ತದೆ. ಅಂಚು ಆಯಿತು, ಕಡ್ಡಿ ಆಯಿತು, ತುದಿಯೂ ಆಯಿತು. ಪಾರ್ಟಿಂಗ್ ಬ್ಲೇಡ್ ಹಾಕಿದ ಕೂಡಲೇ ಮಷೀನು ಚೀರಲು ಶುರು ಮಾಡುತ್ತದೆ. ಚೀರುವುದು ನಿಲ್ಲಲಿ ಅಂತ ವೇಗ ಇಳಿಸಿದರೆ ಮೋಟರ್ ಸೋತು ನಿಂತುಬಿಡುತ್ತದೆ. ಏರಿಸಿದರೆ ಮತ್ತೆ ಚೀರಾಟ. ನಡುವೆ ಎಲ್ಲೋ ಒಂದು ವೇಗ ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಬ್ಲೇಡು ಒಳಗೆ ಕಚ್ಚಿಕೊಳ್ಳುತ್ತದೆ, ಟಕ್ ಅಂತ ಮುರಿಯುತ್ತದೆ. ಅಷ್ಟು ಹೊತ್ತು ಜೋಪಾನ ಮಾಡಿದ ಅಂಚಿನ ಮೇಲೆ ಒಂದು ಆಳವಾದ ಗೀರು.

ಕಾರಣ ಎರಡು. ಮೊದಲನೆಯದು ಮೋಟರ್. ಮೇಲೆ 500 ವ್ಯಾಟ್ ಅಂತ ಬರೆದಿದೆ, ಆದರೆ ಅದು ಪೂರ್ತಿ ವೇಗದ ಲೆಕ್ಕ. ನಾಬ್ ತಿರುಗಿಸಿ ವೇಗ ಇಳಿಸಿದರೆ ಪವರ್ ಕೂಡ ಅದರ ಜೊತೆಗೇ ಇಳಿಯುತ್ತದೆ, ಬಲ ಹೆಚ್ಚುವುದಿಲ್ಲ. ಬೆಲ್ಟನ್ನೋ ಗೇರನ್ನೋ ಬದಲಿಸಿ ವೇಗ ಇಳಿಸಿದಾಗ ಮಾತ್ರ ಬಲ ಹೆಚ್ಚುತ್ತದೆ. ಅದರಲ್ಲಿ ಹೈ, ಲೋ ಅಂತ ಒಂದು ಹಿಡಿಕೆ ಇದೆ ನಿಜ. ಲೋ ಹಾಕಿದರೂ ಸಾಲದು. 40 ಮಿ.ಮೀ. ಮೈಲ್ಡ್ ಸ್ಟೀಲನ್ನು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ ನಿಮಿಷಕ್ಕೆ 25 ಮೀಟರಿನಂತೆ ಕತ್ತರಿಸಿದರೆ ಸುಮಾರು 200 ಆರ್‌ಪಿಎಂ ಬರುತ್ತದೆ. ಪಾರ್ಟಿಂಗಿಗೆ ಅದರ ಅರ್ಧ ಹಿಡಿಯಿರಿ, 100. ಆ ವೇಗದಲ್ಲಿ ಆ ಮೋಟರಿಗೆ ಕಸುವೇ ಇಲ್ಲ.

ಎರಡನೆಯದು ಮೈಯಲ್ಲಿನ ಸಡಿಲ. ಟೂಲನ್ನು ಹಿಡಿಯುವ ಟೂಲ್ ಪೋಸ್ಟ್, ಅದರ ಕೆಳಗೆ ಓರೆಗೂ ತಿರುಗಿಸಬಹುದಾದ ಕಾಂಪೌಂಡ್ ಸ್ಲೈಡ್, ಅದರ ಕೆಳಗೆ ಅಡ್ಡಕ್ಕೆ ಓಡುವ ಕ್ರಾಸ್ ಸ್ಲೈಡ್, ಅದರ ಕೆಳಗೆ ಉದ್ದಕ್ಕೆ ಓಡುವ ಕ್ಯಾರೇಜ್. ಒಂದೊಂದೂ ಚೂರು ಚೂರು ಬಾಗಿದರೆ ಬ್ಲೇಡು ಕೆಳಗೆ ಜಗ್ಗಿ ಲೋಹದೊಳಗೆ ಇಳಿಯುತ್ತದೆ. ಭಾವ ಇದಕ್ಕಾಗಿ ಮಾಡಬಹುದಾದ್ದೆಲ್ಲ ಮಾಡಿದರು. ಸ್ಲೈಡುಗಳ ಸಡಿಲ ತೆಗೆಯುವ ಪಟ್ಟಿಗಳನ್ನು (ಜಿಬ್) ಬಿಗಿ ಮಾಡಿದರು, ಬ್ಲೇಡನ್ನು ಆದಷ್ಟು ಒಳಗೆಳೆದು ಕಟ್ಟಿದರು, ಕ್ಯಾರೇಜ್ ಲಾಕ್ ಮಾಡಿದರು, ಟೂಲಿನ ಎತ್ತರವನ್ನು ಸರಿಯಾಗಿ ಸೆಂಟರಿಗೆ ತಂದರು. ಕಾಂಪೌಂಡ್ ಸ್ಲೈಡನ್ನೇ ಬಿಚ್ಚಿಟ್ಟು ಆ ಜಾಗಕ್ಕೆ ಗಟ್ಟಿ ಕಬ್ಬಿಣದ ಬ್ಲಾಕ್ ಕೂರಿಸಿದ ಮೇಲೆ ಹಿತ್ತಾಳೆ ಹೇಗೋ ಕಡಿಯಿತು. ಸ್ಟೀಲ್ ಆಗಲಿಲ್ಲ. ಮಷೀನು ನಿಲ್ಲಿಸಿ ಹ್ಯಾಕ್ಸಾ ಗರಗಸದಲ್ಲಿ ಕೊಯ್ದು, ತಿರುಗಿಸಿ ಹಿಡಿದು ಆ ಕಡೆಯ ಮುಖವನ್ನು ಮಟ್ಟಸ ಮಾಡುವುದೇ ಉಳಿದ ದಾರಿ. ಆಗ ಒಂದೇ ಸೆಟ್ಟಿಂಗ್ ಅನ್ನುವ ಮಾತು ಎಲ್ಲಿ ಉಳಿಯಿತು?

ಈಗ ನನ್ನ ಲೇಥ್. ನಾಲ್ಕೂವರೆ ಫೂಟಿನದು, ಕ್ಯಾರೇಜ್ ಓಡುವ ಎರಕದ ಕಬ್ಬಿಣದ ಬೆಡ್, ಮೆಟ್ಟಿಲು ಮೆಟ್ಟಿಲಾಗಿರುವ ಕೋನ್ ಪುಲ್ಲಿ, ಚಪ್ಪಟೆ ಬೆಲ್ಟು. ಹೆಸರಿನ ಪಟ್ಟಿ ಎಂದೋ ಕಿತ್ತುಹೋಗಿದೆ. ಪಂಜಾಬಿನ ಬಟಾಲಾದ್ದಿರಬೇಕು ಅಂತ ನೋಡಿದವರು ಹೇಳುತ್ತಾರೆ. ಶಾಪ್ ಮುಚ್ಚುತ್ತಿದ್ದವರೊಬ್ಬರು ಮಾರಿದರು. ಹೊಸ ಬೆಲ್ಟು, 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್, ಸಾಗಿಸುವ ಖರ್ಚು ಎಲ್ಲ ಸೇರಿ ₹50,000ದ ಒಳಗೆ ಮುಗಿಯಿತು. ಭಾವ ಮಿನಿಗೆ, ಅದಕ್ಕೆ ಬೇಕಾದ ಟೂಲುಗಳಿಗೆ ಕೊಟ್ಟದ್ದು ಇದಕ್ಕಿಂತ ಜಾಸ್ತಿ.

ಇದರಲ್ಲಿ ಪಾರ್ಟಿಂಗ್ ಹೇಗಾಗುತ್ತದೆ ಅಂದರೆ, ಮಷೀನು ನಿಲ್ಲಿಸಿ, ಪುಲ್ಲಿಯನ್ನು ಚಕ್ಕಿನ ಅಚ್ಚಿಗೆ ನೇರ ಜೋಡಿಸುವ ಬುಲ್ ಗೇರಿನ ಪಿನ್ನು ಎಳೆದು, ವೇಗ ಇಳಿಸಿ ಬಲ ಹೆಚ್ಚಿಸುವ ಬ್ಯಾಕ್ ಗೇರಿನ ಹಿಡಿಕೆ ಹಾಕುತ್ತೇನೆ. ಚಕ್ ನಿಧಾನಕ್ಕೆ ತಿರುಗುತ್ತದೆ, ಕಣ್ಣಲ್ಲಿ ದವಡೆ ಎಣಿಸಬಹುದು. ಬ್ಲೇಡಿಗೆ ಬ್ರಷ್‌ನಿಂದ ಎಣ್ಣೆ ಹಚ್ಚಿ ಕ್ರಾಸ್ ಸ್ಲೈಡಿನ ಹಿಡಿಕೆಯನ್ನು ಒಂದೇ ಹದದಲ್ಲಿ ತಿರುಗಿಸುತ್ತಾ ಹೋಗಬೇಕು, ಅಳುಕಿ ನಿಲ್ಲಿಸಬಾರದು. ಸ್ಟೀಲಾದರೆ ಬ್ಲೇಡಿನಷ್ಟೇ ಅಗಲದ ಪಟ್ಟಿ ಗಡಿಯಾರದ ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿಕೊಂಡು ಸೀಳಿನಿಂದ ಹೊರಬರುತ್ತದೆ, ಬೂದು ಬಣ್ಣದ್ದು, ಸ್ವಲ್ಪ ಹೊಗೆ. ಕೊನೆಗೆ ಒಂದೆರಡು ಮಿ.ಮೀ. ಉಳಿದಾಗ ಸದ್ದು ಬದಲಾಗುತ್ತದೆ, ಬುಗುರಿ ಟ್ರೇಗೆ ಬೀಳುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಆದ ಖುಷಿ ಈಗಲೂ ಹಾಗೇ ಇದೆ. ಒಂದು ವೇಳೆ ಬ್ಲೇಡು ಕಚ್ಚಿಕೊಂಡರೂ ಚಪ್ಪಟೆ ಬೆಲ್ಟು ಜಾರಿಬಿಡುತ್ತದೆ, ಹೆಚ್ಚಿನ ಸಲ ಬ್ಲೇಡೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಮಿನಿಯಲ್ಲಿ ಒಳಗಿರುವುದು ಪ್ಲಾಸ್ಟಿಕ್ ಗೇರು, ಅದು ಹಲ್ಲು ಕಳಕೊಳ್ಳುತ್ತದೆ.

ಜಾಗ ಬೇಕು, ಅದು ನಿಜ. ವಡಗಾವಿಯಲ್ಲಿ ನಮ್ಮದು ಮಗ್ಗದ ಮನೆ. ಪವರ್‌ಲೂಮ್ ತೆಗೆದ ಮೇಲೆ ನೆಲಮಟ್ಟದ ಕೋಣೆ ಖಾಲಿ ಇತ್ತು, ಮಗ್ಗದ ಹೊಡೆತ ತಡೆದ ಗಟ್ಟಿ ನೆಲ, ಸದ್ದಿಗೆ ಒಗ್ಗಿಹೋದ ಓಣಿ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವವರಿಗೆ ನಾನು ಇದನ್ನು ತಗೊಳ್ಳಿ ಅಂತ ಹೇಳಲಾರೆ.

ಇನ್ನೊಂದು ತೊಡಕು ಥ್ರೆಡ್ಡಿನದು. ಥ್ರೆಡ್ ಕೊರೆಯುವಾಗ ಕ್ಯಾರೇಜನ್ನು ಓಡಿಸುವ ಉದ್ದನೆಯ ಸ್ಕ್ರೂ, ಅಂದರೆ ಲೀಡ್ ಸ್ಕ್ರೂ, ನನ್ನದರಲ್ಲಿ ಇಂಚಿಗೆ 4 ಥ್ರೆಡ್. ಇಂಚಿನ ಥ್ರೆಡ್ ಸಲೀಸು. ಮಿ.ಮೀ. ಥ್ರೆಡ್ ಸರಿಯಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು, ಯಾಕಂದರೆ ಇಂಚು ಅಂದರೆ 25.4 ಮಿ.ಮೀ., ಅದರ ಐದು ಪಟ್ಟು 127. ಆ ಗೇರ್ ಹಾಕಿದರೂ ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ಹಾಫ್ ನಟ್ಟನ್ನು ಮಧ್ಯದಲ್ಲಿ ಬಿಚ್ಚುವಂತಿಲ್ಲ, ಪ್ರತಿ ಕಟ್ಟಿಗೂ ಮಷೀನನ್ನೇ ಹಿಂದಕ್ಕೆ ಓಡಿಸಿ ಬರಬೇಕು. ಬುಗುರಿಗೆ ಥ್ರೆಡ್ ಬೇಡ, ಹಾಗಾಗಿ ನನಗೆ ಅಡ್ಡಿಯಾಗಿಲ್ಲ. ನೀವು ಮೆಟ್ರಿಕ್ ಸ್ಕ್ರೂ ಮಾಡುವವರಾದರೆ ಮಿನಿಯೇ ಸುಲಭ.

ನಿಖರತೆ? ಹೊಸ ಮಿನಿಯ ಸ್ಪಿಂಡಲ್ (ಚಕ್ ಕೂತಿರುವ ಅಚ್ಚು) ನನ್ನ ಹಳೇ ಲೇಥಿನದಕ್ಕಿಂತ ಚೆನ್ನಾಗಿದೆ. ಒಪ್ಪಲೇಬೇಕು.

ಸದ್ದು ಮಿನಿಯದೇ ಜಾಸ್ತಿ.

ಇನ್ನು ಉದ್ಯಮಬಾಗದ ಶಾಪು. ಅಲ್ಲಿರುವುದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥ್. ಮೂರರಲ್ಲಿ ಮಷೀನು ಅಂತ ನೋಡಿದರೆ ಅದೇ ಎಲ್ಲಕ್ಕಿಂತ ಮೇಲು, ಎರಡು ಮಾತಿಲ್ಲ. ಆ ಹೆಸರಿಗೆ ನಮ್ಮ ಜಿಲ್ಲೆಯಲ್ಲೇ ಬೇರಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ಹರಿಹರದ ಕಾರ್ಖಾನೆ ಶುರುವಾದದ್ದು 1941ರಲ್ಲಿ. ಆ ಲೇಥಿನ ಹಿಡಿಕೆ ಮುಟ್ಟಿದಾಗೆಲ್ಲ ನನಗೆ ಇದು ನೆನಪಾಗುತ್ತದೆ, ಹೆಮ್ಮೆಯೂ ಆಗುತ್ತದೆ.

ಆದರೆ ಅದು ದುಡಿಮೆಯ ಮಷೀನು. ನನ್ನ ಬುಗುರಿ ಚಕ್‌ನಲ್ಲಿ ಅರ್ಧ ಆಗಿರುವಾಗ ಯಾರೋ ಟ್ರ್ಯಾಕ್ಟರಿನ ಪಿನ್ನು ಹಿಡಿದು ಬರುತ್ತಾರೆ. ಶಾಪ್ ನಡೆಸುವ ಕಾಕಾ ಬಹಳ ಒಳ್ಳೆಯವರು, ಆದರೂ ಹೇಳಲೇಬೇಕಾಗುತ್ತದೆ: "ತಮ್ಮಾ, ಜರಾ ಬಿಚ್ಚಿ ಕೊಡಪಾ, ಪಾಪ ಹೊಲದಾಗ ಟ್ರ್ಯಾಕ್ಟರ್ ನಿಂತೈತಿ." ಬಿಚ್ಚದೆ ಇರಲಾಗುತ್ತದೆಯೇ? ಬಿಚ್ಚಿದರೆ ಸೆಟ್ಟಿಂಗ್ ಹೋಯಿತು. ತಾಸಿನ ಲೆಕ್ಕ ಇನ್ನೊಂದು ಒತ್ತಡ. ಹೊಸ ಆಕಾರ ಯೋಚಿಸುತ್ತಾ ಸುಮ್ನೆ ನಿಂತ ಹೊತ್ತಿಗೂ ದುಡ್ಡು ಓಡುತ್ತಿರುತ್ತದೆ. ನನ್ನ ಅಭ್ಯಾಸವೋ, ರಾತ್ರಿ ಊಟವಾದ ಮೇಲೆ ಒಂದು ಕಟ್ ಹಾಕಿ, ನೋಡಿ, ಅಳೆದು, ನಾಳೆಗೆ ಬಿಡುವುದು. ಚಕ್‌ನಲ್ಲಿದ್ದದ್ದು ಚಕ್‌ನಲ್ಲೇ ಇರಬೇಕು. ಕಲಿಯಲು ಮಾತ್ರ ಆ ಶಾಪಿನಂಥ ಜಾಗ ಇಲ್ಲ. ಹಿತ್ತಾಳೆಗೆ ಟೂಲಿನ ಮೇಲ್ಮೈ ಇಳಿಜಾರಿಲ್ಲದೆ ಮಟ್ಟಸ ಇರಬೇಕು, ಇಳಿಜಾರಿದ್ದರೆ ಲೋಹ ಅದನ್ನು ಒಳಗೆಳೆದುಕೊಳ್ಳುತ್ತದೆ ಅಂತ ಗ್ರೈಂಡರ್ ಮುಂದೆ ಕೈ ಹಿಡಿದು ತೋರಿಸಿದ್ದು ಕಾಕಾನೇ.

ಹಾಗಾದರೆ ಯಾರಿಗೆ ಯಾವುದು? ನೆಲಮಟ್ಟದಲ್ಲಿ ಗಟ್ಟಿ ಜಾಗ ಇದ್ದು, ರಿಪೇರಿ ಮಾಡುವ ತಾಳ್ಮೆ ಇದ್ದು, ಸ್ಟೀಲಿನ ಬುಗುರಿ, ದಪ್ಪ ಕೆಲಸ ಮಾಡುವವರು ಹಳೇ ಲೇಥ್ ಹುಡುಕಿ. ಮಹಡಿ ಮನೆ, ಪುಟ್ಟ ಪುಟ್ಟ ಹಿತ್ತಾಳೆ ಕೆಲಸ, ಮಿ.ಮೀ. ಥ್ರೆಡ್ ಅಂದರೆ ಮಿನಿ. ಭಾವ ಅದನ್ನು ಮಾರುವುದಿಲ್ಲ, ಮಾರಬಾರದು ಕೂಡ. ಎಂ3, ಅಂದರೆ 3 ಮಿ.ಮೀ. ಸ್ಕ್ರೂ ಮಾಡಿ ತಂದಾಗ ಗುಂಪಿನಲ್ಲಿ ಅವರನ್ನು ಮೀರಿಸಿದವರಿಲ್ಲ. ಇನ್ನೂ ಲೇಥ್ ಮುಟ್ಟಿಯೇ ಇಲ್ಲ ಅನ್ನುವವರು ಏನನ್ನೂ ಕೊಳ್ಳಬೇಡಿ, ಒಂದಷ್ಟು ತಾಸು ದುಡ್ಡು ಕೊಟ್ಟು ಶಾಪಿನಲ್ಲಿ ಕಲಿಯಿರಿ.

ಹಳೇದನ್ನು ನೋಡಲು ಹೋಗುವಾಗ ಜೇಬಲ್ಲಿ ಡಯಲ್ ಗೇಜ್, ಅಂದರೆ ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆಗೋಲು, ಇರಲಿ. ಬಣ್ಣ ನೋಡಬೇಡಿ, ಹೊಸ ಬಣ್ಣ ಹೊಡೆದಿದ್ದರೆ ಇನ್ನಷ್ಟು ಹುಷಾರಾಗಿ ನೋಡಿ. ಚಕ್ ಹತ್ತಿರದ ಬೆಡ್ ಎಲ್ಲಕ್ಕಿಂತ ಹೆಚ್ಚು ಸವೆದಿರುತ್ತದೆ. ಅಲ್ಲಿ ಕ್ಯಾರೇಜನ್ನು ಬಿಗಿಯಾಗಿ ಹೊಂದಿಸಿ ಬೆಡ್ಡಿನ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ಓಡಿಸಿ, ಮಧ್ಯದಲ್ಲೇ ಸಿಕ್ಕಿಕೊಂಡರೆ ಸವೆತ ಎಷ್ಟಿದೆ ಅಂತ ಗೊತ್ತಾಗುತ್ತದೆ. ಚಕ್‌ನಲ್ಲಿ ಉದ್ದದ ರಾಡ್ ಹಿಡಿದು ಮೇಲಕ್ಕೆ ಎತ್ತಿ, ಗೇಜಿನ ಮುಳ್ಳು ಎಷ್ಟು ಅಲ್ಲಾಡುತ್ತದೆ ನೋಡಿ. ಬ್ಯಾಕ್ ಗೇರಿನ ಹಲ್ಲುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿ, ಒಂದು ಹಲ್ಲು ಹೋಗಿದ್ದರೂ ಬೆಲೆ ಇಳಿಸಲು ಕೇಳಿ. ಗೇರುಗಳ ಡಬ್ಬಿ ಎಲ್ಲಿ ಅಂತ ಮರೆಯದೆ ವಿಚಾರಿಸಿ, ಅದರಲ್ಲಿ 127 ಸಿಕ್ಕರೆ ಬಿಡಬೇಡಿ.